ಐವತ್ತೆರಡನೇ ವಾರ

ಅತ್ತೆಯ ಚೀಲವನ್ನು ಗೂಟದಿಂದ ಇಳಿಸಿ ಸೊಸೆ ಒಳಗೆ ಕೈಯಾಡಿಸುತ್ತಿದ್ದಳು. ಐದು ಸೀಮೆಸುಣ್ಣ, ಹಿಡಿಯಷ್ಟು ಮೋಟು ಪೆನ್ಸಿಲ್, ತೊಂಬತ್ತು ಹಾಳೆಯ ಒಂದು ಕಟ್ಟು. ಅತ್ತೆ ಒಳಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ನಿನ್ನೆ ಸಂಜೆ ಕಸ ಗುಡಿಸುತ್ತಾ ಕುಸಿದವಳು ಮತ್ತೆ ಏಳಲಿಲ್ಲ. ಈಗ ಬೆಳಕು ಹರಿಯುತ್ತಿತ್ತು. ಬೀದಿಯ ನಲ್ಲಿಗೆ ನೀರು ಬರಲು ಇನ್ನು ಅರ್ಧ ಗಂಟೆ.

"ಏನೇ ಮಾಡ್ತಿದೀಯ?" ಪಕ್ಕದ ಮನೆಯ ದರ್ಜಿ ಕೇಳಿದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು.

"ಇವತ್ತು ಗುರುವಾರ ಕಣೆ. ಎಣಿಕೆ."

"ಹೆಣ ಮನೇಲಿದೆಯಲ್ಲೇ!"

"ಗುರುವಾರಕ್ಕೆ ಅದು ಗೊತ್ತಿಲ್ವಲ್ಲ."

ಪ್ರತಿ ಗುರುವಾರ ಅತ್ತೆ, ಸೊಸೆ, ದರ್ಜಿ ಮೂವರೂ ತೊಂಬತ್ತು ಮನೆ ಹಂಚಿಕೊಂಡು ಹೋಗುತ್ತಿದ್ದರು. ಮನೆಗೆ ಐದು ಪ್ರಶ್ನೆ: ಎಷ್ಟು ಜನ ಮಲಗಿದ್ದರು, ಯಾರಿಗೆ ಭೇದಿ, ಯಾರಿಗೆ ಜ್ವರ, ನೀರು ಎಲ್ಲಿಂದ ತಂದಿರಿ, ಯಾರು ಕೆಲಸ ತಪ್ಪಿಸಿದರು. ಉತ್ತರ ಸಿಕ್ಕ ಮನೆಯ ಬಾಗಿಲ ಮೇಲೆ ವಾರದ ಸಂಖ್ಯೆ ಬರೆಯುವುದು. ಹಾಗೆ ಐವತ್ತೊಂದು ವಾರ ನಡೆದಿತ್ತು. ಒಂದು ವರ್ಷ ಒಂದು ವಾರವೂ ತಪ್ಪದಿದ್ದರೆ, ಮುಚ್ಚಿದ ಚಿಕಿತ್ಸಾಲಯ ಮತ್ತೆ ತೆರೆಯುತ್ತದೆ, ಅದರ ಹಿಂದಿನ ಕೋಣೆಯಲ್ಲಿ ಇವರೇ ಕೂತು ಸಂಶೋಧನೆ ನಡೆಸಬಹುದು ಎಂದು ಆರೋಗ್ಯ ಇಲಾಖೆಯ ದೊಡ್ಡ ಕಚೇರಿ ಒಪ್ಪಿತ್ತು. ತಪ್ಪಿದರೆ ಕಚೇರಿಯವರೇ ಬಂದು ಮೊದಲಿನಿಂದ ಶುರುಮಾಡುತ್ತಾರೆ.

"ಇಬ್ಬರೇ ಹೇಗೆ ಮುಗಿಸೋದು?" ದರ್ಜಿ ದನಿ ತಗ್ಗಿಸಿದಳು. "ಹೋದ ವಾರದ್ದನ್ನೇ ಇಳಿಸಿಬಿಡೋಣ. ಸಾವಿನ ಮನೆ, ಯಾರು ಕೇಳ್ತಾರೆ?"

ಮಾವ ಮೂಲೆಯಲ್ಲಿ ಕೂತಿದ್ದ. ಈಗ ತಲೆಯೆತ್ತಿದ. "ಬೇಡಮ್ಮ. ಅವಳು ಎದ್ದು ಬರ್ತಾಳೆ. ಬಂದು ಅಳಿಸ್ತಾಳೆ."

ದರ್ಜಿಗೆ ಅಳುವಿನ ನಡುವೆಯೇ ನಗು ಬಂತು.

*

ಹನ್ನೆರಡನೇ ವಾರ ಒಂದು ಮನೆಗೆ ಬೀಗ ಹಾಕಿತ್ತು. ಹೋದ ವಾರ ಎಲ್ಲರೂ ಚೆನ್ನಾಗಿದ್ದರು, ಈ ವಾರವೂ ಇರುತ್ತಾರೆ ಎಂದುಕೊಂಡು ಸೊಸೆ ಹಾಳೆ ತುಂಬಿಸಿ ಬಾಗಿಲ ಮೇಲೆ ೧೨ ಬರೆದು ಬಂದಿದ್ದಳು. ಸಂಜೆ ಅತ್ತೆ ಅವಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಬೀಗ ಹಾಗೇ ಇತ್ತು.

"ಬೀಗಕ್ಕೆ ಬಾಯಿ ಬಂತೇನೆ? ನಿನ್ನ ಹತ್ತಿರ ಮಾತಾಡ್ತಾ?"

"ಮತ್ತೇನು ಬರೀಲಿ ಅತ್ತೆ?"

"ಗೊತ್ತಿಲ್ಲ ಅಂತ ಬರಿ. ಕೈ ಸವೆಯುತ್ತಾ?"

ಅತ್ತೆ ಅಂಗೈಯಿಂದ ಬಾಗಿಲನ್ನು ಉಜ್ಜಿ ಅಳಿಸಿ, ಆ ಮೆಟ್ಟಿಲ ಮೇಲೇ ಕೂತಳು. ಹಿಂದೆ ಅವಳು ಚಿಕಿತ್ಸಾಲಯದ ನೆಲ ಒರೆಸುತ್ತಿದ್ದಳು. ಒಮ್ಮೆ ನಗರದಿಂದ ಸಮೀಕ್ಷೆಯವರು ಬಂದರು, ಹಗಲು ಹನ್ನೊಂದಕ್ಕೆ. ಆ ಹೊತ್ತಿಗೆ ತಾಯಂದಿರೆಲ್ಲ ಇಟ್ಟಿಗೆ ಗೂಡಿನಲ್ಲಿ. ಕಾಯಿಲೆ ಮಗುವನ್ನು ಬಿಟ್ಟುಹೋಗಲಾರದೆ ಕಂಕುಳಲ್ಲೇ ಒಯ್ದಿದ್ದರು. ಮನೆಗಳಲ್ಲಿ ಆಡುತ್ತಿದ್ದದ್ದು ಗಟ್ಟಿಮುಟ್ಟಾದ ಮಕ್ಕಳು ಮಾತ್ರ. ಇಲ್ಲಿ ಕಾಯಿಲೆ ಇಲ್ಲ ಎಂದು ವರದಿಯಾಯಿತು, ಚಿಕಿತ್ಸಾಲಯಕ್ಕೆ ಬೀಗ ಬಿತ್ತು. ಆ ವರ್ಷ ಏಳು ಮಕ್ಕಳು ಹೋದವು.

"ಅವರೇನು ಸುಳ್ಳು ಬರೀಲಿಲ್ಲ ಕಣೆ. ನೋಡಿದ್ದನ್ನೇ ಬರೆದರು. ನೋಡೋಕೆ ಬಂದ ಹೊತ್ತು ಸುಳ್ಳು." ಅತ್ತೆ ಕೈಯ ಸುಣ್ಣ ಕೊಡವಿದಳು. "ನಲ್ಲಿ ಬರೋ ಹೊತ್ತು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ನಮ್ಮ ಬಂಡವಾಳ ಅಷ್ಟೇ. ಅದರಲ್ಲೂ ಕಲಬೆರಕೆ ಮಾಡಿದ್ರೆ ಏನುಳೀತು?"

ಅವಳು ಅಕ್ಷರ ಕಲಿತದ್ದೇ ಐವತ್ತು ದಾಟಿದ ಮೇಲೆ. ಆ ಬೀಗ ತೆರೆಯುವವರೆಗೆ ಸೊಸೆ ನಾಲ್ಕು ಸಲ ಹೋಗಬೇಕಾಯಿತು.

*

ನಲ್ಲಿಯ ಮುಂದೆ ಕೊಡಗಳ ಸಾಲು ಆಗಲೇ ಬೆಳೆದಿತ್ತು. ದರ್ಜಿಯ ಜೊತೆ ಸೊಸೆ ಬಂದಳು. ಅವಳ ಕೈಯ ಕಟ್ಟು ನೋಡಿ ಇಟ್ಟಿಗೆ ಹೊರುವವಳು ಕೊಡ ಕೆಳಗಿಟ್ಟಳು.

"ಇತ್ತ ಕೊಡು ಒಂದಿಷ್ಟು."

"ಕೇಳೋಕೆ ಬರುತ್ತಾ ನಿನಗೆ?"

"ಐವತ್ತೊಂದು ವಾರ ಉತ್ತರ ಹೇಳಿದೀನಿ. ನಿದ್ದೇಲಿ ಎಬ್ಬಿಸಿ ಕೇಳು."

"ಸರಿ, ಭೇದಿ ವಿಷಯ ಹೇಗೆ ಕೇಳ್ತೀಯ?"

"ಮಗು ಚೆನ್ನಾಗಿದೆಯಾ ಅಂತ ಮಾತ್ರ ಕೇಳಲ್ಲ. ಚೆನ್ನಾಗಿದೆ ಅಂತಲೇ ಅಂತಾರೆ. ನಿನ್ನೆ ಎಷ್ಟು ಸಲ ಬಟ್ಟೆ ಬದಲಾಯಿಸಿದೆ ಅಂತ ಕೇಳಿ ಸುಮ್ಮನೆ ನಿಲ್ತೀನಿ. ನಿಮ್ಮತ್ತೆ ನನ್ನ ಬಾಯಿಂದ ನಿಜ ಕಿತ್ತಿದ್ದು ಹಾಗೇ, ಪುಣ್ಯಾತ್ಗಿತ್ತಿ."

ಸೊಸೆ ಸೀಮೆಸುಣ್ಣವನ್ನು ಎರಡಾಗಿ ಮುರಿದು ಒಂದು ತುಂಡು ಕೊಟ್ಟಳು. ಇನ್ನೊಂದು ಕೈ ಮುಂದೆ ಬಂತು. ಮತ್ತೊಂದು. ಒಟ್ಟು ಹತ್ತು ಜನರಾದರು.

"ಸ್ವಂತ ಓಣಿಗೆ ಯಾರೂ ಹೋಗೋ ಹಾಗಿಲ್ಲ," ಎಂದಳು ಸೊಸೆ.

"ತನ್ನ ಮನೆಗೆ ತನ್ನ ಕಣ್ಣು ಕುರುಡು!" ನಾಲ್ಕೈದು ದನಿ ಒಟ್ಟಿಗೇ ಅತ್ತೆಯ ಮಾತನ್ನು ಪೂರ್ತಿಮಾಡಿದವು.

ಸಾಲಿನ ತುದಿಯ ಮುದುಕಿ ತನ್ನ ಕೊಡ ಬಿಟ್ಟು ನಲ್ಲಿಯ ಬಳಿಗೆ ಬಂದು ಕೂತಳು. "ಹೋಗ್ರೇ, ಓಡ್ರಿ. ಎಲ್ಲರ ಕೊಡ ನಾನು ತುಂಬಿಸ್ತೀನಿ. ಅಕ್ಷರ ಬರದವಳಿಗೆ ಅಷ್ಟಾದರೂ ಬರುತ್ತೆ."

*

ಹತ್ತು ಗಂಟೆಗೆ ದೊಡ್ಡ ಕಚೇರಿಯ ಅಧಿಕಾರಿ ಹೂಗುಚ್ಛ ಹಿಡಿದು ಬಂದ. ಹೊರುವವರು ಹೆಣವನ್ನು ಹಲಗೆಯ ಮೇಲೆ ಮಲಗಿಸಿ ಬಾಗಿಲಲ್ಲಿ ನಿಂತಿದ್ದರು. ಅವರಲ್ಲಿ ಸೊಸೆಯ ಗಂಡನೂ ಇದ್ದ.

"ಅಮ್ಮನಿಗೆ ಕೊಡೋಣ ಅಂತ ಚಿಕಿತ್ಸಾಲಯದ ಕೀಲಿ ತಂದಿದ್ದೆ," ಎಂದ ಅಧಿಕಾರಿ. ಅವನ ದನಿಯಲ್ಲಿ ಮರುಕವಿತ್ತು. "ಕೊನೇ ವಾರ ಹೀಗಾಯ್ತು. ನಿಮ್ಮ ತಪ್ಪೇನಿಲ್ಲಮ್ಮ. ಮುಂದಿನ ವಾರದಿಂದ ನಮ್ಮವರು ಬಂದು ನೋಡ್ಕೋತಾರೆ."

ಸೊಸೆ ಹಾಳೆಯ ಕಟ್ಟನ್ನು ಅವನ ಕೈಗಿಟ್ಟಳು. ಅವನು ನಿಂತಲ್ಲೇ ತಿರುವಿದ. ಕೈಬರಹ ಹತ್ತು ಥರ, ಲೆಕ್ಕ ಒಂದೇ ಥರ. ಎರಡು ಹಾಳೆಯಲ್ಲಿ ಒಂದೇ ಪದವಿತ್ತು: ಗೊತ್ತಿಲ್ಲ.

"ಇದೇನು?"

"ಬೀಗ ಹಾಕಿತ್ತು ಸಾರ್. ಸಂಜೆ ಮತ್ತೆ ಹೋಗ್ತೀವಿ."

ಅವನು ಆ ಎರಡು ಹಾಳೆಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಎಣಿಸಿದ. "ಎಂಬತ್ತೊಂಬತ್ತು ಇದೆಯಲ್ಲ?"

"ನಮ್ಮನೆ ಬಿಟ್ಟರು," ಎಂದ ಮಾವ.

ಸೊಸೆ ಪೆನ್ಸಿಲ್ ಮುಟ್ಟಲಿಲ್ಲ. ಇಟ್ಟಿಗೆ ಹೊರುವವಳು ಗುಂಪು ಸರಿಸಿಕೊಂಡು ಬಂದು ಖಾಲಿ ಹಾಳೆ ತೆಗೆದುಕೊಂಡಳು. ಹೊರುವವರು ಕಾದರು.

"ನಿನ್ನೆ ರಾತ್ರಿ ಈ ಮನೇಲಿ ಎಷ್ಟು ಜನ ಮಲಗಿದ್ರಿ?"

"ನಾಲ್ಕು," ಅಂದಿತು ಸೊಸೆಯ ಬಾಯಿ.

ಇಟ್ಟಿಗೆ ಹೊರುವವಳು ಬರೆಯಲಿಲ್ಲ, ತಿದ್ದಲೂ ಇಲ್ಲ. ಪೆನ್ಸಿಲನ್ನು ಹಾಳೆಯಿಂದ ಒಂದು ಬೆರಳು ಮೇಲೆ ಹಿಡಿದು, ಅತ್ತೆ ನಿಲ್ಲುತ್ತಿದ್ದ ಹಾಗೆಯೇ ನಿಂತಳು.

"ಮೂರು," ಎಂದಳು ಸೊಸೆ.

ಉಳಿದ ನಾಲ್ಕು ಪ್ರಶ್ನೆಗಳಿಗೂ ಅವಳು ಉತ್ತರ ಕೊಟ್ಟಳು. ಬಾಗಿಲ ಮೇಲೆ ೫೨ ಬಿತ್ತು. ಹಲಗೆ ಅದರ ಪಕ್ಕದಿಂದಲೇ ದಾಟಿ ಬೀದಿಗಿಳಿಯಿತು.

ಅತ್ತೆ ಎತ್ತರದವಳು. ಇಷ್ಟು ದಿನ ಬೀದಿಯ ಹೆಚ್ಚಿನ ಬಾಗಿಲುಗಳಲ್ಲಿ ಸಂಖ್ಯೆ ಇರುತ್ತಿದ್ದದ್ದು ಅವಳ ಕೈ ಎಟುಕುವಲ್ಲಿ, ಒಂದೇ ಗೆರೆ ಎಳೆದಂತೆ. ಈವತ್ತು ಒಂದು ಬಾಗಿಲಲ್ಲಿ ತಲೆಯ ಮೇಲೆ, ಇನ್ನೊಂದರಲ್ಲಿ ಎದೆಯ ಮಟ್ಟಕ್ಕೆ. ಒಂದು ಕಡೆ ೨ ಮಗುಚಿಕೊಂಡಿತ್ತು. ಎಡಕ್ಕೂ ಬಲಕ್ಕೂ, ಬೀದಿಯುದ್ದಕ್ಕೂ ೫೨. ಅಧಿಕಾರಿ ಹೆಣದ ಹಿಂದೆ ನಡೆಯುತ್ತಾ ಒಂದೊಂದನ್ನೂ ಓದಿದ.

ಬೀದಿಯ ಕೊನೆಯಲ್ಲಿ ಚಿಕಿತ್ಸಾಲಯ. ಅಲ್ಲಿ ಅವನು ಜೇಬಿನಿಂದ ಕೀಲಿ ತೆಗೆದು ಸೊಸೆಯ ಕೈಗೆ ಕೊಟ್ಟ. ಹೊರುವವರು ತಾವಾಗಿಯೇ ನಿಂತರು. ಬೀಗ ತುಕ್ಕು ಹಿಡಿದಿದ್ದರಿಂದ ಅವಳು ಎರಡು ಕೈಯಲ್ಲೂ ತಿರುಗಿಸಬೇಕಾಯಿತು. ಹೆಣ ಮತ್ತೆ ಮುಂದೆ ಸಾಗಿದಾಗ ಬಾಗಿಲು ಹಾರುಹೊಡೆದಿತ್ತು. ಚಿಲಕದಲ್ಲಿ ಬೀಗ, ಬೆರಳಚ್ಚಿನ ಸುಣ್ಣ ಮೆತ್ತಿಕೊಂಡು, ಬಾಯಿ ಬಿಟ್ಟು ಜೋತಾಡುತ್ತಿತ್ತು.