ನಾರು ಕಟ್ಟಿದ ಮೊಗೆಕಾಯಿ

ಶಿರಸಿಯ ಹೊರಗಿನ ಕ್ಯಾಂಪಸ್ಸಿನಲ್ಲಿ ಕ್ಯಾಂಟೀನು ನನ್ನದು. ಅಡುಗೆಮನೆಯ ಹಿಂದೆಯೇ ವಿದ್ಯಾರ್ಥಿಗಳ ತರಕಾರಿ ತೋಟ. ನಾನು ಎಸೆಯುವ ಸಿಪ್ಪೆ ಅಲ್ಲಿ ಗೊಬ್ಬರವಾಗುತ್ತದೆ, ಅಲ್ಲಿ ಬೆಳೆದದ್ದು ನನ್ನ ಪಾತ್ರೆಗೆ ಬರುತ್ತದೆ. ತೋಟದ ಯಜಮಾನಿಕೆ ನಂದೊಳ್ಳಿಯ ಪ್ರತಿಭಾಳದು. ಜೊತೆಗೆ ಹೇರೂರಿನ ಸುಜಯ. ಅವನು ನೀರು ಹಾಕಿದರೆ ಗಿಡಕ್ಕಿಂತ ಅವನ ಚಪ್ಪಲಿಯೇ ಹೆಚ್ಚು ನೆನೆಯುತ್ತದೆ.

ಆ ವರ್ಷ ತೋಟದ ಉಸ್ತುವಾರಿಯ ಕಮಲಾಕರ ಮಾಸ್ತರರು ಒಂದು ಮಾತು ಹೇಳಿದರು. "ವರ್ಷಾ ವರ್ಷ ಅಂಗಡಿ ಬೀಜ ತಂದ್ರೆ ಇದು ಎಂಥಾ ತೋಟ? ಮಳೆಗಾಲಕ್ಕೆ ನಿಮ್ಮದೇ ಬೀಜ ಹಾಕಿ. ಇಲ್ಲಾಂದ್ರೆ ಈ ಜಾಗ ಬೈಕ್ ನಿಲ್ಸೋಕೆ."

ಅಷ್ಟರಲ್ಲಿ ಬೆಂಡೆ, ಅಲಸಂದೆ ಎಲ್ಲ ಎಳೆಯದರಲ್ಲೇ ನನ್ನ ಹುಳಿಗೆ ಬಿದ್ದು ಮುಗಿದಿದ್ದವು. ಉಳಿದಿದ್ದದ್ದು ಒಂದೇ ಮೊಗೆಕಾಯಿ, ಹಳದಿ ಪಟ್ಟೆಯ ದೊಡ್ಡ ಸಾಂಬಾರು ಸೌತೆ. ಬೀಜಕ್ಕೆ ಬಿಟ್ಟಿದ್ದು, ಯಾರೂ ಕೊಯ್ಯಬಾರದೆಂದು ಪ್ರತಿಭಾ ಅದರ ತೊಟ್ಟಿಗೆ ಬಾಳೆನಾರು ಕಟ್ಟಿದಳು. ಅವರಜ್ಜಿ ಮನೆಯಲ್ಲಿ ಹಾಗೇ ಮಾಡುವುದಂತೆ.

ಕಾಲೇಜಿನ ವಾರ್ಷಿಕ ಸಭೆಗೆ ವಾನಳ್ಳಿಯ ಶಾಂತಾರಾಮ ಹೆಗಡೆಯವರು ಅತಿಥಿಯಾಗಿ ಬಂದರು. ಅತಿಥಿಯನ್ನು ಬರಿಗೈಯಲ್ಲಿ ಕಳಿಸುವುದು ಸುಜಯನಿಗೆ ಹುಟ್ಟಿದಾಗಿನಿಂದ ಗೊತ್ತಿಲ್ಲ. ತೋಟಕ್ಕೆ ಓಡಿದ, ಎಲ್ಲಕ್ಕಿಂತ ಚೆಂದದ ಕಾಯಿ ಕೊಯ್ದ, ವೀಳ್ಯದ ಜೊತೆ ಅವರ ಕೈಗಿಟ್ಟ. ಕಾರು ಗೇಟು ದಾಟಿದ ಮೇಲೆ ಪ್ರತಿಭಾ ಬರಿ ಬಳ್ಳಿ ನೋಡಿದಳು.

"ನಾರು ಕಟ್ಟಿದ್ದು ಕಾಣ್ಲಿಲ್ವನಾ ನಿಂಗೆ?"

"ಕಂಡ್ತು. ನೀನೇ ಹೆಗಡೇರಿಗೆ ಅಂತ ಅಲಂಕಾರ ಮಾಡಿಟ್ಟಿದ್ದೆ ಅಂದ್ಕಂಡೆ."

ಪ್ರತಿಭಾ ನೀರಿನ ಕೊಡ ಕವುಚಿಟ್ಟು ತೋಟದಿಂದ ಹೊರಟಳು. ಅದಕ್ಕೇ ಸುಜಯ ಹೆದರಿದ್ದು. "ದುರ್ಗಕ್ಕಾ, ಕಾಯಿ ವಾಪಸ್ ತರೋಕೆ ನೀನೂ ಬಾರೇ," ಎಂದು ನನ್ನ ಸೆರಗು ಹಿಡಿದ. ನನ್ನ ತವರು ವಾನಳ್ಳಿ. ಮರುದಿನ ಬೆಳಿಗ್ಗೆಯೇ ಮೂವರೂ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅವನದೊಂದೇ ಪ್ರಶ್ನೆ, "ಹುಳಿ ಮಾಡಿಬಿಟ್ಟಿದ್ರೆ?"

"ಹಂಗಾದ್ರೆ ನೀನು ಬೈಕ್ ತಗೋ ತಮಾ," ಎಂದೆ. "ನಿಲ್ಸೋಕೆ ಜಾಗ ಆಗ್ತದೆ."

ಹೆಗಡೆಯವರು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಎದುರಿಗೆ ಚಹಾ ಸಹ ಇರಲಿಲ್ಲ. ನಮ್ಮನ್ನು ಕಂಡದ್ದೇ ತಡ, ಒಳಗೆ ಕೂಗಿದರು. "ಸೀತಾ, ಬಾ ಇಲ್ಲಿ! ಹುಡ್ರು ಬಂದ್ರು, ಅವ್ರನ್ನೇ ಕೇಳು. ಆನು ಕದ್ದಿದ್ದಲ್ಲ!"

ಸೀತಮ್ಮ ಹೊರಬಂದರು. ತೊಟ್ಟಿನ ನಾರು ಕಂಡೊಡನೆ ಅವರಿಗೆ ಬೀಜದ ಕಾಯಿಯೆಂದು ಗೊತ್ತಾಗಿತ್ತು. ಬೀಜದ ಕಾಯಿಯನ್ನು ಯಾರಾದರೂ ಕೈಯಾರೆ ಕೊಡುತ್ತಾರೆಯೇ? ಗಂಡನೇ ಎಗರಿಸಿದ್ದು ಎಂದು ತೀರ್ಮಾನಿಸಿ, ನಿನ್ನೆಯಿಂದ ಮಾತು, ಚಹಾ ಎರಡೂ ನಿಲ್ಲಿಸಿದ್ದರು.

"ನಾನೇ ಕೊಟ್ಟಿದ್ದು, ಅತ್ತೆ," ಎಂದ ಸುಜಯ, ನೆಲ ನೋಡುತ್ತ.

"ಹೌದು ಸೀತಮ್ಮಾ," ಎಂದೆ ನಾನು. "ಈ ಸಲ ಹೆಗಡೇರು ಕದ್ದಿದ್ದಲ್ಲ."

"ಈ ಸಲ ಅಂದ್ರೆ?"

ಹೆಗಡೆಯವರು ನನ್ನತ್ತ ಕೈ ಮುಗಿಯುವಂತೆ ನೋಡಿದರು. ಚಡ್ಡಿ ಹಾಕಿಕೊಳ್ಳುವ ವಯಸ್ಸಿನಲ್ಲಿ ಅವರು ನಮ್ಮ ಬೇಲಿ ಹಾರಿ ಸೌತೆಮಿಡಿ ಕಿತ್ತದ್ದು, ಬೇಲಿಗೇ ಚಡ್ಡಿ ಬಿಟ್ಟು ಓಡಿದ್ದು ನನಗೆ ಚೆನ್ನಾಗಿ ನೆನಪಿದೆ. ಹೇಳಿದೆ. ಸೀತಮ್ಮ ಕಂಬ ಹಿಡಿದುಕೊಂಡು ನಕ್ಕರು. ಐವರಿಗೂ ಚಹಾ ಬಂತು. ಅಡುಗೆಮನೆಯ ತೊಲೆಗೆ ತೂಗುಹಾಕಿದ್ದ ಮೊಗೆಕಾಯಿಯೂ ಇಳಿದು ಪ್ರತಿಭಾಳ ಮಡಿಲಿಗೆ ಬಂತು.

"ನಾಕು ಬೀಜ ನಮಗೂ ಸಿಕ್ಕಿದ್ರೆ..." ಎಂದರು ಹೆಗಡೆಯವರು.

"ಮಳೆಗಾಲಕ್ಕೆ ಹೋಗಿ ಅವ್ರ ತೋಟದಲ್ಲಿ ಗುಂಡಿ ತೆಗೆದು ಕೊಡಿ," ಎಂದರು ಸೀತಮ್ಮ. "ಆಮೇಲೆ ಕೇಳಿ."

ಅವರು ಬಂದರು, ಗುಂಡಿ ತೆಗೆದರು, ಬೀಜವನ್ನೂ ಒಯ್ದರು. ಬಳ್ಳಿ ತೋಟದ ಬೇಲಿಗೆಲ್ಲ ಹಬ್ಬಿತು. ಕಮಲಾಕರ ಮಾಸ್ತರರ ಬೈಕು ಈಗಲೂ ಬಿಸಿಲಲ್ಲೇ ನಿಲ್ಲುತ್ತದೆ.

ಮುಂದಿನ ವರ್ಷದ ಸಭೆಗೆ ಮತ್ತೊಬ್ಬ ಅತಿಥಿ ಬರುವವರಿದ್ದರು. ಬೆಳಿಗ್ಗೆಯೇ ಪ್ರತಿಭಾ ಒಂದು ಎಳೆ ಬಾಳೆನಾರು ತಂದು ಸುಜಯನ ಕೈಗೆ ಬಿಗಿದಳು. "ಇದ್ನ ನೋಡಿದಾಗೆಲ್ಲ ನೆನಪಿರ್ಲಿ, ನಾರು ಕಟ್ಟಿದ್ದು ಯಾರಿಗೂ ಕೊಡೋದಲ್ಲ."

"ಇವನನ್ನೂ ಬೀಜಕ್ಕೆ ಬಿಟ್ಯನೇ ತಂಗೀ?" ಎಂದೆ ನಾನು, ತೆಂಗಿನಕಾಯಿ ತುರಿಯುತ್ತ.

ಅವಳು ಕೊಡ ಎತ್ತಿಕೊಂಡು ಹೋಗೇಬಿಟ್ಟಳು. ಸಭೆ ಮುಗಿಯಿತು, ಅತಿಥಿಗೆ ಒಂದು ಕಟ್ಟು ಹರಿವೆ ಸೊಪ್ಪು ಸಿಕ್ಕಿತು. ಸುಜಯ ಮಾತ್ರ ಸಂಜೆಯಾದರೂ ಆ ನಾರು ಬಿಚ್ಚಿರಲಿಲ್ಲ.