ಮನೆಯವರ ನಂಬರು

"ಬರೀರಿ ಬೀಗರ, ಮುಂದಿಂದು ಬರೀರಿ," ಎಂದ ಸಕ್ರಪ್ಪ.

ಬೆಟಗೇರಿಯ ಅವನ ಮನೆಯ ಪಡಸಾಲೆಯಲ್ಲಿ ಮಗಳು ರೇಷ್ಮಾಳ ಮದುವೆಯ ಯಾದಿ ನಡೆದಿತ್ತು. ಮುಂಡರಗಿಯಿಂದ ಬಂದ ಬೀಗ ತಿರಕಪ್ಪ, ಮೂಲೆಗಳಿಗೆ ಅರಿಷಿಣ ಹಚ್ಚಿದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಯಾರಿಗೆ ಏನು ಉಡಿಸಬೇಕೆಂದು ಬರೆಯುತ್ತಿದ್ದ. ಹುಡುಗನ ಅವ್ವ ಉಡಚವ್ವ ಚುರುಮುರಿ ತಿನ್ನುತ್ತ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತ ಸಕ್ರಪ್ಪನ ಹೆಂಡತಿ ಸಾವಕ್ಕನಿಗೆ ಹೊಟ್ಟೆ ತಂಪಾಗಿತ್ತು.

ಆಗ ಸಕ್ರಪ್ಪನಿಗೊಂದು ಫೋನು ಬಂತು. ಕಿವಿಗೆ ಹಚ್ಚಿ ಮಾತಾಡುವ ಆಸಾಮಿಯೇ ಅಲ್ಲ ಅವನು. ಯಾರದೇ ಬರಲಿ, ಸ್ಪೀಕರಿಗೆ ಹಾಕಿಬಿಡುವುದೇ.

"ನಮಸ್ಕಾರ ಸರ್. ಸಾವಕ್ಕ ಮೇಡಂ ಮನೆಯವರ ನಂಬರ್ ಅಲ್ವಾ ಇದು? ಅವರು ಫೋನ್ ತೆಗೀತಿಲ್ಲ," ಎಂದಿತು ಬೆಂಗಳೂರು ಕಡೆಯ ಹೆಣ್ಣುದನಿ. "ಪ್ರತಿ ಗುರುವಾರ ಗದಗಲ್ಲಿ ಮಾನಸಿಕ ರೋಗದ ಆಸ್ಪತ್ರೆಗೆ ಹೋಗ್ತಾರಲ್ಲ, ಏಳು ಸಲ ಆಯ್ತು. ಆ ಥರದ ಮಾತ್ರೆ ನಾವು ಮನೆಗೇ ತಲುಪಿಸ್ತೀವಿ. ರಿಯಾಯಿತಿನೂ ಇದೆ."

ತಿರಕಪ್ಪನ ಪೆನ್ನು ನಿಂತಿತು.

ಸಾವಕ್ಕ ಈ ಸಂಗತಿಯನ್ನು ಗಂಡನಿಗೂ ಹೇಳಿರಲಿಲ್ಲ. ಐದು ತಿಂಗಳಿಂದ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಹುಡುಗಿಯ ಅವ್ವನಿಗೆ ತಲೆ ಸರಿ ಇಲ್ಲವಂತೆ ಎಂಬ ಮಾತು ಮುಂಡರಗಿ ಮುಟ್ಟಿದರೆ ಸಂಬಂಧ ಮುರಿದಂತೆಯೇ. ಅದಕ್ಕೇ ಮಠಕ್ಕೆಂದು ಹೇಳಿ ಹೋಗುತ್ತಿದ್ದಳು. ಸ್ಟ್ಯಾಂಡಿನ ಉಳವಪ್ಪನ ಆಟೋ ಹತ್ತಿದರೆ ಸಂಜೆಯೊಳಗೆ ಓಣಿಗೆಲ್ಲ ಖಬರ; ಆ್ಯಪಿನಲ್ಲಿ ಕರೆದರೆ ಬರುವವನಿಗೆ ಇವಳು ಯಾರೋ ಏನೋ. ಎಷ್ಟು ಹುಷಾರಿ ನೋಡಿ! ಆ ಆ್ಯಪು ಮೊದಲ ದಿನವೇ ಸುರಕ್ಷತೆಗೆಂದು ಮನೆಯವರದೊಂದು ನಂಬರು ಕೇಳಿತ್ತು. ರೇಷನ್ ಕಾರ್ಡಿರಲಿ, ಗ್ಯಾಸಿರಲಿ, ಯಾವ ಫಾರಂ ತುಂಬಿದರೂ ಗಂಡನ ನಂಬರು ಬರೆದು ರೂಢಿಯಾದ ಕೈ, ಅದನ್ನೇ ಒತ್ತಿತ್ತು. ಆಮೇಲೆ ಬಂದ ಮಾರುದ್ದದ ಬರಹವನ್ನು ಯಾರು ಓದುತ್ತಾರೆ, 'ಒಪ್ಪಿಗೆ' ಒತ್ತಿ ಮುಗಿಸಿದ್ದಳು.

"ಯಾರವಾ ನೀ? ಇದನ್ನ ಯಾರ್ ಹೇಳಿದ್ರು ನಿನಗ?" ಸಕ್ರಪ್ಪ ಗದರಿದ.

"ಆಟೋ ಆ್ಯಪ್‌ನವರು ಕೊಟ್ಟ ಮಾಹಿತಿ ಸರ್. ಮೇಡಂ ಒಪ್ಪಿಗೆ ಕೊಟ್ಟಿದ್ದಾರೆ."

"ಆಟೋದಾಗ ಹೋಗಿ ಇಳದೇನಷ್ಟ! ನಾ ಯಾರ ಮುಂದನೂ ಬಾಯಿ ಬಿಟ್ಟಿಲ್ರಿ!" ಸಾವಕ್ಕ ಚೀರಿದಳು. ಚೀರಿದ ಮೇಲೆ, ರಾಂಗ್ ನಂಬರ್ ಎಂದಿದ್ದರೆ ಮುಗಿದುಹೋಗುತ್ತಿತ್ತಲ್ಲ ಎಂದು ಹೊಳೆದು ಬಾಯಿಗೆ ಸೆರಗು ಒತ್ತಿಕೊಂಡಳು.

ದನಿ ಇನ್ನೂ ರಿಯಾಯಿತಿ ಹೇಳುತ್ತಲೇ ಇತ್ತು. ಸಕ್ರಪ್ಪನ ಬೆರಳು ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಫೋನು ಕಟ್ಟಾಯಿತು.

ಉಡಚವ್ವ ತಾಟು ಕೆಳಗಿಟ್ಟಳು. "ಹುಡಿಗಿಗೂ ಐತೇನ್ರಿ ಇದು?"

"ಏನ್ ಮಾತಾಡ್ತೀರಿ ಅಕ್ಕಾರ!" ಎಂದ ಸಕ್ರಪ್ಪ.

ತಿರಕಪ್ಪ ಹಾಳೆಯನ್ನು ಮಡಚಿ ಕಿಸೆಗಿಟ್ಟುಕೊಂಡ. "ಹಿರ್ಯಾರ್ನ ಕೇಳಿ ಖಬರ ಮಾಡ್ತೀವ್ರಿ." ಚಹಾ ಕುಡಿಯದೆಯೇ ಇಬ್ಬರೂ ಚಪ್ಪಲಿ ಮೆಟ್ಟಿದರು.

ಒಳಗಿನಿಂದ ರೇಷ್ಮಾ ಬಂದಳು. ಸಾವಕ್ಕ ಅವಳ ಮುಖ ನೋಡಲಾರದೆ ತಲೆ ತಗ್ಗಿಸಿದಳು. "ನಿನ್ನ ಬಾಳೇವು ಹಾಳ ಮಾಡಿದೆನವಾ."

"ಏಳು ವಾರ ಒಬ್ಬಾಕಿನ ಹೋಗಿದ್ಯಾ ಯವ್ವಾ?"

ಸಾವಕ್ಕ ಹೂಂ ಎಂದಳು. ರೇಷ್ಮಾ ಉಟ್ಟ ಹೊಸ ಸೀರೆಯ ಸೆರಗಿನಿಂದಲೇ ಅವ್ವನ ಮುಖ ಒರೆಸಿದಳು. ಹೊಸ್ತಿಲಲ್ಲಿ ಸಕ್ರಪ್ಪ ಫೋನನ್ನು ಮೈಯಿಂದ ದೂರ ಹಿಡಿದು ನಿಂತೇ ಇದ್ದ.