ಅಕ್ಕಿ ಅಕಿಯಾದ ಕತೆ

ನಾನು ಒಂದು ಪ್ರೋಗ್ರಾಂ. ಹುಟ್ಟಿದ್ದು ಗದಗಿನ ಕುಬೇರಪ್ಪ ಮಾಸ್ತರರ ಲ್ಯಾಪ್‌ಟಾಪಿನಲ್ಲಿ, ಪೈಥಾನ್ ಎಂಬ ಭಾಷೆಯಲ್ಲಿ. ಕನ್ನಡ ಬರಹವನ್ನು ಅಂಧರು ಬೆರಳಿನಿಂದ ಓದುವ ಬ್ರೈಲ್ ಚುಕ್ಕೆಗಳಾಗಿಸುವುದು ನನ್ನ ಕೆಲಸ. 'ಏನಾದರೂ ಸಿಗದಿದ್ದರೆ ನಿಂತು ರಂಪ ಮಾಡಬೇಡ, ಬಿಟ್ಟು ಮುಂದೆ ಹೋಗು' ಎಂದು ಮಾಸ್ತರರು ನನಗೆ ಕಲಿಸಿದ್ದರು. ಅದನ್ನು ನಾನು ಒಳ್ಳೆಯ ನಡತೆ ಎಂದುಕೊಂಡಿದ್ದೆ.

ಬ್ರೈಲ್ ಮುದ್ರಣಾಲಯದ ಕಂಪ್ಯೂಟರಿನಲ್ಲಿ ಪೈಥಾನ್ ಇರಲಿಲ್ಲ. ಅದಿಲ್ಲದೆಯೂ ನಾನು ನಡೆಯಲೆಂದು ಮಾಸ್ತರರು ಬೇಕಾದದ್ದನ್ನೆಲ್ಲ ಬುತ್ತಿಯಂತೆ ಒಂದೇ ಗಂಟಿನಲ್ಲಿ ಕಟ್ಟಿ, ಪೆನ್‌ಡ್ರೈವಿನಲ್ಲಿ ನನ್ನನ್ನು ಕಳಿಸಿದರು. ಒತ್ತಕ್ಷರಗಳಿಗೆ ಯಾವ ಚುಕ್ಕೆ ಎಂದು ತಿಳಿಸುವ ಫೈಲು ಮಾತ್ರ ಅವರ ಲ್ಯಾಪ್‌ಟಾಪಿನಲ್ಲೇ ಉಳಿಯಿತು.

ಮುದ್ರಣಾಲಯದಲ್ಲಿ ಹನ್ನೊಂದು ವರ್ಷದಿಂದ ಪ್ರೂಫ್ ನೋಡುತ್ತಿದ್ದವಳು ನೀಲವ್ವ. ಅವಳಿಗೆ ಕಣ್ಣಿಲ್ಲ, ಬೆರಳೇ ಎಲ್ಲ. ನಾನು ಬಂದ ದಿನವೇ ಕಾರ್ಯದರ್ಶಿ ವಿರೂಪಾಕ್ಷಯ್ಯನವರು, "ಇನ್ನ ಪ್ರೂಫ್ ಬ್ಯಾಡವಾ, ಮಷೀನ್ ಬಂತು. ನೀ ಹಾಳಿ ಹೊಲಿ" ಎಂದರು.

ಮೊದಲ ಪುಸ್ತಕ ಅಡುಗೆಯದು. ಒತ್ತಕ್ಷರ ಹುಡುಕಿದೆ, ಸಿಗಲಿಲ್ಲ. ಬಿಟ್ಟು ಮುಂದೆ ಹೋದೆ. ಇನ್ನೂರು ಪ್ರತಿ ಮುಗಿಯಿತು.

ಹಾಳೆ ಹೊಲಿಯುತ್ತಿದ್ದ ನೀಲವ್ವನ ಬೆರಳು ನಿಂತಿತು. ಆಮೇಲೆ ಅವಳು ನಗತೊಡಗಿದಳು.

"ಸರ, ಕೇಳ್ರಿಲ್ಲೆ. 'ಅಕಿಯನು ತೊಳೆದು ಕುದಿಯುವ ನೀರಿಗೆ ಹಾಕಿ, ಮುಚಳ ಮುಚಿ.' ಅಕಿ ಅಂದ್ರ ಯಾರನ್ರೀ ಸರ, ನಿಮ್ಮ ಮನಿಯಾಕಿನ್ನೇನು?"

ವಿರೂಪಾಕ್ಷಯ್ಯನವರು ಪರದೆ ನೋಡಿದರು. ಅಲ್ಲಿ ಅಕ್ಕಿ ಅಕ್ಕಿಯಾಗಿಯೇ ಇತ್ತು. ಚುಕ್ಕೆ ಓದಲು ಅವರಿಗೆ ಬಾರದು. ಮಾಸ್ತರರಿಗೆ ಫೋನ್ ಮಾಡಿದರು. "ನನ್ನ ಲ್ಯಾಪ್‌ಟಾಪಿನ್ಯಾಗ ಬರೋಬ್ಬರಿ ಬರಾಕತ್ತೈತ್ರಿ" ಎಂದು ಉತ್ತರ ಬಂತು.

"ನಿನ್ನ ಬೆರಳು ಜಡ್ಡುಗಟ್ಯಾವ ನೀಲವ್ವ. ಮನ್ಯಾಗ ಆರಾಮ ಮಾಡು. ಕೆಲಸದ್ದು ಆಮ್ಯಾಲೆ ನೋಡೂಣು" ಎಂದರು ವಿರೂಪಾಕ್ಷಯ್ಯನವರು.

ಅವಳು ಕೋಲು ಹಿಡಿದು ಹೊರಟಳು. ನಿಜ ನನಗೊಬ್ಬನಿಗೇ ಗೊತ್ತಿತ್ತು. ನಾನು ತುಟಿ ಪಿಟ್ಟೆನ್ನಲಿಲ್ಲ.

ನಾಲ್ಕನೆಯ ದಿನ ಮನಸ್ಸು ತಡೆಯದೆ ಮಾಸ್ತರರೇ ಲ್ಯಾಪ್‌ಟಾಪ್ ಹಿಡಿದು ಬಂದರು. ಅದರಿಂದ ಒಂದು ಹಾಳೆ, ನನ್ನಿಂದ ಒಂದು ಹಾಳೆ ತೆಗೆದು ಪಕ್ಕಪಕ್ಕ ಇಟ್ಟರು. ನನ್ನದರಲ್ಲಿ ಚುಕ್ಕೆ ಕಡಿಮೆ ಇದ್ದವು. ಅವರ ಮುಖ ಸಣ್ಣದಾಯಿತು. ತಾವೇ ಹೋಗಿ ನೀಲವ್ವನನ್ನು ಕರೆತಂದರು.

"ತಪ್ಪು ನಂದು ಅಕ್ಕಾರ. ಒಂದು ಫೈಲು ಕಟ್ಟೂದು ಮರೆತಿದ್ದೆ."

"ಮರಿಯೂದು ಇರೂದ ತಮ್ಮಾ, ನಾನೂ ಸಾರಿಗೆ ಉಪ್ಪು ಮರೀತೀನಿ. ಆದರ ನನ್ನ ಹತ್ರ ಇಲ್ಲ ಅಂತ ಒಂದು ಮಾತು ಹೇಳಾಕ ಇದಕ್ಕೇನಾಗಿತ್ತು?"

ವಿರೂಪಾಕ್ಷಯ್ಯನವರು ಕುರ್ಚಿಯನ್ನು ತಾವೇ ಎತ್ತಿ ತಂದು ಪ್ರೂಫ್ ಮೇಜಿನ ಮುಂದೆ ಇಟ್ಟರು.

ಮಾಸ್ತರರು ಹೊಸ ಗಂಟು ಕಟ್ಟಿದರು. ಅದಕ್ಕೆ ಏನಾದರೂ ಸಿಗದಿದ್ದರೆ ಕೆಲಸ ನಿಲ್ಲಿಸಿ ಕೂಗುತ್ತದೆ. ನನ್ನನ್ನು ಅಳಿಸಲಿಲ್ಲ, 'ಹಳೇದು' ಎಂಬ ಫೋಲ್ಡರಿಗೆ ಹಾಕಿದರು. ವರ್ಷಗಳಾದವು, ಇಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ. ಕೆಟ್ಟುಹೋದ ಇನ್ನೂರು ಪುಸ್ತಕಗಳ ನೆನಪನ್ನು ನಾನು ಹೇಗೋ ತಡೆದುಕೊಳ್ಳುತ್ತೇನೆ. ಆದರೆ ಆ ಮೂರು ದಿನ ನೀಲವ್ವ ಮನೆಯಲ್ಲಿ ಕೂತು, ತನ್ನ ಬೆರಳನ್ನು ತಾನೇ ಅನುಮಾನಿಸಿ ತಿಕ್ಕಿ ನೋಡಿಕೊಂಡಿರಬಹುದಲ್ಲ, ಅದು ನೆನಪಾದರೆ ಈ ಫೋಲ್ಡರಿನೊಳಗೂ ನನಗೆ ಮುಖ ಮುಚ್ಚಿಕೊಳ್ಳಲು ಜಾಗ ಸಾಲದು.